ಪಿಕಳಾರ, ನೆಲದಳಿಲು ಮತ್ತು ಶರಾವತಿ ಕೊಳ್ಳದ ಲೆಕ್ಕ

ಹೊನ್ನಾವರ, ಸಿದ್ದಾಪುರ, ಶಿರಸಿ ಕಡೆ ಈಗ ನಾಲ್ಕು ಜನ ಸೇರಿದಲ್ಲೆಲ್ಲ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಮಾತು ಬಂದೇ ಬರುತ್ತದೆ. ಕೆಳಗಿನ ಜಲಾಶಯದ ನೀರನ್ನು ನೆಲದಡಿಯ ಸುರಂಗಗಳಲ್ಲಿ ಮೇಲಿನ ಜಲಾಶಯಕ್ಕೆ ಎತ್ತಿ, ಬೇಕಾದಾಗ ಇಳಿಸಿ ವಿದ್ಯುತ್ ಪಡೆಯುವ ಯೋಜನೆ ಅದು. ಯೋಜನೆ ಬೇಕು ಎನ್ನುವವರು ಕೇಳುವ ಒಂದು ಪ್ರಶ್ನೆ ನನ್ನನ್ನು ಬಿಡದೆ ಕಾಡಿದೆ. ‘ಲಿಂಗನಮಕ್ಕಿ ಕಟ್ಟಿದಾಗ ಕಾಡು ಹೋಯಿತು, ಗೇರುಸೊಪ್ಪೆಯಲ್ಲಿ ಅಣೆಕಟ್ಟು ಎದ್ದಾಗಲೂ ಹೋಯಿತು. ಹಾಗಂತ ಹಕ್ಕಿ ಕೂಗುವುದು ನಿಂತಿತೇ? ಬೆಳಗಾದರೆ ಅಂಗಳದಲ್ಲಿ ಪಿಕಳಾರದ ಗದ್ದಲ. ಅದು ಹೊಂದಿಕೊಂಡಿದೆ. ಸಿಂಗಳೀಕವೂ ಹೊಂದಿಕೊಳ್ಳುತ್ತದೆ ಬಿಡಿ.’ ಸಿಂಗಳೀಕವೆಂದರೆ ಈ ಕೊಳ್ಳದ ಕಾಡಿನಲ್ಲಿ ಮರದ ಮೇಲೆ ಬದುಕುವ ಅಪರೂಪದ ಮಂಗ.

ಈ ಮಾತನ್ನು ಅಭಿವೃದ್ಧಿಯ ಅಮಲು ಎಂದು ಬದಿಗೆ ಸರಿಸಿದರೆ ಚರ್ಚೆ ಅಲ್ಲಿಗೇ ಮುಗಿಯುತ್ತದೆ. ಕೇಳುವವರು ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದಾರೆ. ಪಿಕಳಾರ ನಿಜವಾಗಿಯೂ ಹೊಂದಿಕೊಂಡಿದೆ. ಆದರೆ ಒಂದು ಜೀವಿ ಬದುಕಿಕೊಂಡದ್ದು ಇನ್ನೊಂದು ಜೀವಿಯ ಪರವಾಗಿ ಸಾಕ್ಷಿ ಹೇಳಬಲ್ಲದೇ? ಇದನ್ನು ಬಿಡಿಸಲು ನಮ್ಮ ಊರಿನ ಯಾವ ಜಗಳಕ್ಕೂ ಸೇರದ ಪ್ರಾಣಿಯೊಂದನ್ನು ಮೊದಲು ಪಿಕಳಾರದ ಪಕ್ಕ ಇಟ್ಟು ನೋಡೋಣ. ಅದು ಯುರೋಪಿನ ನೆಲದಳಿಲು. ಸಿಂಗಳೀಕದ ವಿಷಯದಲ್ಲಿ ನಮಗೆಲ್ಲ ಆಗಲೇ ಒಂದೊಂದು ಪಕ್ಷವಿದೆ. ನೆಲದಳಿಲಿನ ವಿಷಯದಲ್ಲಿ ಯಾರಿಗೂ ಇಲ್ಲ.

ಪಿಕಳಾರವನ್ನು ಉತ್ತರ ಕನ್ನಡದವರಿಗೆ ಪರಿಚಯಿಸಬೇಕಾಗಿಲ್ಲ. ತಲೆಯ ಮೇಲೆ ಚೂಪು ಜುಟ್ಟು, ಕಣ್ಣಿನ ಹಿಂದೆ ಕೆಂಪು ಮಚ್ಚೆ, ಬಾಲದ ಬುಡದಲ್ಲಿ ಇನ್ನಷ್ಟು ಕೆಂಪು. ಪುಸ್ತಕದಲ್ಲಿ ಇದು ಕೆಮ್ಮೀಸೆ ಪಿಕಳಾರ. ಗೇಣುದ್ದದ ಹಕ್ಕಿ, ತೂಕ ಮೂವತ್ತು ಗ್ರಾಮಿನ ಆಸುಪಾಸು. ದಕ್ಷಿಣ ಭಾರತದಲ್ಲಿ ಡಿಸೆಂಬರಿನಿಂದ ಮಳೆ ಹಿಡಿಯುವವರೆಗೂ ಗೂಡು ಕಟ್ಟುತ್ತದೆ. ಗೂಡಿಗೆ ದೊಡ್ಡ ಮರ ಬೇಡ. ದಾಸವಾಳದ ಪೊದೆ, ಬೇಲಿಯ ಗಿಡ, ಜಗುಲಿಯ ಮುಂದಿನ ಬಳ್ಳಿ ಯಾವುದಾದರೂ ಸಾಕು. ಎರಡೋ ಮೂರೋ ಮೊಟ್ಟೆ, ಹನ್ನೆರಡು ದಿನದ ಸುಮಾರಿಗೆ ಮರಿ, ಮತ್ತೆ ಅಷ್ಟೇ ದಿನದಲ್ಲಿ ಮರಿ ಗೂಡು ಬಿಡುತ್ತದೆ. ಕೆಂಬೂತವೋ ಕಾಗೆಯೋ ಹಾವೋ ಗೂಡು ಬರಿದು ಮಾಡುವುದು ತೀರ ಸಾಮಾನ್ಯ. ಆಗ ಆ ಜೋಡಿ ಅದೇ ಋತುವಿನಲ್ಲಿ ಇನ್ನೊಂದು ಗೂಡು ಕಟ್ಟುತ್ತದೆ.

ಊಟದಲ್ಲೂ ಹಾಗೆಯೇ. ಕೌಳಿ ಹಣ್ಣು, ಗೋಳಿ ಹಣ್ಣು, ಹಣ್ಣಾದ ಕಾಳುಮೆಣಸು, ಲಂಟಾನದ ಕಪ್ಪು ಹಣ್ಣು, ಹೂವಿನ ಮಕರಂದ, ಹುಳ. ಒಂದು ಮರ ಫಲ ಕೊಡದಿದ್ದರೆ ಇನ್ನೊಂದಕ್ಕೆ, ಒಂದು ತೋಟ ಬರಿದಾದರೆ ಪಕ್ಕದ ಕುರುಚಲು ಹಕ್ಕಲಿಗೆ. ನಡುವೆ ರಸ್ತೆಯಿರಲಿ, ಗದ್ದೆ ಬಯಲಿರಲಿ, ಹೊಳೆಯಿರಲಿ, ಹಾರಿ ದಾಟುತ್ತದೆ. ಈ ಗುಣದಿಂದಲೇ ಅದು ಸಮುದ್ರದಾಚೆಯೂ ನೆಲೆಯೂರಿದೆ. 1880ರ ಸುಮಾರಿಗೆ ಸಿಡ್ನಿಗೆ, 1892ರಲ್ಲಿ ಮಾರಿಷಸ್ಸಿಗೆ ಮನುಷ್ಯರು ಒಯ್ದ ಪಿಕಳಾರ ಅಲ್ಲಿ ಪಸರಿಸಿತು. ಪಂಜರದಿಂದ ತಪ್ಪಿಸಿಕೊಂಡವು ಅಮೆರಿಕದ ಫ್ಲೋರಿಡಾದಲ್ಲೂ ನೆಲೆ ಕಂಡವು. ಮಾರಿಷಸ್ಸಿನಲ್ಲಿ ಈಗ ಅದೊಂದು ತಲೆನೋವು. ಹೊರಗಿನಿಂದ ಬಂದ ಕಳೆಗಿಡಗಳ ಹಣ್ಣು ತಿಂದು ಬೀಜವನ್ನು ಅಲ್ಲಿನ ಮೂಲ ಕಾಡಿನೊಳಗೆ ಬಿತ್ತುತ್ತದೆ. ಸಾಮಾನ್ಯ ಹಕ್ಕಿಯೊಂದು ಕೂಗುತ್ತಿದೆ ಎಂದಾಕ್ಷಣ ಕಾಡು ಕ್ಷೇಮ ಎಂದು ತೀರ್ಮಾನಿಸಬಾರದು ಎಂಬುದಕ್ಕೆ ಆ ದ್ವೀಪ ಒಂದು ದಾಖಲೆ.

ಈಗ ನೆಲದಳಿಲು. ನಮ್ಮ ಮೂರುಗೆರೆಯ ಅಳಿಲಿನ ಹಾಗೆ ಮರ ಹತ್ತುವ ಪ್ರಾಣಿ ಇದಲ್ಲ. ನೆಲದಲ್ಲಿ ಬಿಲ ತೋಡಿ, ಗುಂಪಾಗಿ ನೆರೆಹೊರೆ ಕಟ್ಟಿಕೊಂಡು ಬದುಕುತ್ತದೆ. ಇದೂ ಗೇಣುದ್ದದ್ದೇ, ತೂಕ ಕಾಲು ಕಿಲೋ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು. ಆಸ್ಟ್ರಿಯಾ, ಜೆಕ್, ಹಂಗರಿ, ರೊಮೇನಿಯಾ, ಬಲ್ಗೇರಿಯಾ, ಸರ್ಬಿಯಾಗಳ ಹುಲ್ಲುಗಾವಲು ಇದರ ಮನೆ. ಚಳಿಗಾಲ ಪೂರ್ತಿ ಬಿಲದೊಳಗೆ ನಿದ್ದೆ. ಇಪ್ಪತ್ತನೇ ಶತಮಾನದ ನಡುವಿನವರೆಗೂ ಮಧ್ಯ ಯುರೋಪಿನ ರೈತರಿಗೆ ಇದು ಬೆಳೆ ತಿನ್ನುವ ಪೀಡೆ, ಸಿಕ್ಕಲ್ಲಿ ಕೊಲ್ಲುತ್ತಿದ್ದರು. ಪೀಡೆ ಎನಿಸಿಕೊಳ್ಳುವಷ್ಟು ವಿಪುಲವಾಗಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು. ಮುಂದೆ ಜರ್ಮನಿಯಿಂದ ಅಳಿಯಿತು, ಪೋಲೆಂಡಿನಿಂದಲೂ ಅಳಿಯಿತು. ಪೋಲೆಂಡಿನಲ್ಲಿ ಬೇರೆಡೆಯಿಂದ ತಂದು ಮತ್ತೆ ಬಿಡಬೇಕಾಯಿತು. 2020ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವಾದ ಐಯುಸಿಎನ್ ತನ್ನ ಕೆಂಪು ಪಟ್ಟಿಯಲ್ಲಿ ಇದನ್ನು ‘ಅಳಿವಿನಂಚಿನ’ ವರ್ಗಕ್ಕೆ ಸೇರಿಸಿತು. ಜೆಕ್ ದೇಶದಲ್ಲಿ ಉಳಿದಿರುವ ಬಹುಪಾಲು ಗುಂಪುಗಳು ಬದುಕಿರುವುದು ಹುಲ್ಲಿನ ವಿಮಾನ ನಿಲ್ದಾಣ, ಗಾಲ್ಫ್ ಮೈದಾನ, ಪ್ರವಾಸಿಗರು ಡೇರೆ ಹಾಕುವ ಬಯಲುಗಳಲ್ಲಿ.

ಏಕೆ ಹೀಗಾಯಿತು? ಮರಿ ಹಾಕುವುದು ಕಡಿಮೆಯೆಂದೇ? ಅಲ್ಲ. ವರ್ಷಕ್ಕೆ ಒಂದೇ ಸಲವಾದರೂ ಒಂದೊಂದು ಸೂಲಿಗೆ ಐದಾರು ಮರಿ. ಈ ಲೆಕ್ಕದಲ್ಲಿ ಅದು ಪಿಕಳಾರಕ್ಕೆ ಹತ್ತಿರವೇ ಇದೆ. ಅದನ್ನು ಕೊಂದದ್ದು ಹುಲ್ಲಿನ ಎತ್ತರ. ನೆಲದಳಿಲು ಹಿಂಗಾಲ ಮೇಲೆ ನೆಟ್ಟಗೆ ನಿಂತು ಗಿಡುಗ, ನರಿ ಬರುತ್ತಿವೆಯೇ ಎಂದು ಸುತ್ತ ನೋಡಿ, ಸಿಳ್ಳೆ ಹಾಕಿ ಗುಂಪಿಗೆ ತಿಳಿಸಬೇಕು. ಹುಲ್ಲು ಅದರ ತಲೆಗಿಂತ ಮೇಲೆ ಬೆಳೆದರೆ ಅದು ಕುರುಡಾಗುತ್ತದೆ. ಶತಮಾನಗಳ ಕಾಲ ಕುರಿ, ದನ ಮೇದು ಹುಲ್ಲನ್ನು ಗಿಡ್ಡವಾಗಿ ಇಟ್ಟಿದ್ದವು. ಹಳ್ಳಿಯ ಸಾಕಣೆ ಕಡಿಮೆಯಾಯಿತು, ಗೋಮಾಳಗಳಲ್ಲಿ ಕೆಲವನ್ನು ಉತ್ತರು, ಕೆಲವನ್ನು ಸುಮ್ಮನೆ ಬಿಟ್ಟರು. ಬಿಟ್ಟ ಕಡೆ ಹುಲ್ಲು ಸೊಂಪಾಗಿ ಬೆಳೆಯಿತು, ಪೊದೆ ಬಂತು, ಮರವೂ ಬಂತು. ದೂರದಿಂದ ನೋಡಿದವರಿಗೆ ಹಸಿರು ಹೆಚ್ಚಿದಂತೆಯೇ ಕಾಣುತ್ತಿತ್ತು. ನೆಲದಳಿಲಿಗೆ ಮನೆ ಹೋಗಿತ್ತು.

ಅದಕ್ಕಿಂತ ಕೆಟ್ಟದ್ದು ಆಮೇಲೆ ನಡೆಯಿತು. ಉಳಿದ ಗಿಡ್ಡ ಹುಲ್ಲಿನ ತುಂಡುಗಳ ನಡುವೆ ಉತ್ತ ಹೊಲ, ಹೆದ್ದಾರಿ, ಊರು. ನೆಲದಳಿಲಿಗೆ ರೆಕ್ಕೆಯಿಲ್ಲ. ಒಂದು ತುಂಡಿನಲ್ಲಿ ಪ್ರವಾಹವೋ ರೋಗವೋ ಬಂದು ಗುಂಪು ಸತ್ತರೆ, ಹತ್ತು ಕಿಲೋಮೀಟರ್ ಆಚೆಯ ಗುಂಪಿನಿಂದ ಯಾರೂ ಬಂದು ಆ ಜಾಗ ತುಂಬುವುದಿಲ್ಲ. ಪ್ರತಿಯೊಂದು ಸಾವೂ ಆ ಜಾಗದ ಮಟ್ಟಿಗೆ ಶಾಶ್ವತ. ಅದನ್ನೇ ನಂಬಿದ್ದ ಪೂರ್ವ ಯುರೋಪಿನ ದೊಡ್ಡ ಗಿಡುಗ, ಹದ್ದುಗಳಿಗೂ ಇದರ ಪೆಟ್ಟು ತಟ್ಟಿತು.

ಗೇಣುದ್ದದ ಈ ಎರಡು ಜೀವಿಗಳನ್ನು ಜೊತೆಗಿಟ್ಟರೆ ‘ಹೊಂದಿಕೊಳ್ಳುವುದು’ ಎಂಬ ಮಾತು ಎಷ್ಟು ಸಡಿಲವಾದದ್ದು ಎಂದು ತಿಳಿಯುತ್ತದೆ. ನಾವು ಅದನ್ನು ಪ್ರಾಣಿಯ ಜಾಣತನವೋ ಹಟವೋ ಎಂಬಂತೆ ಆಡುತ್ತೇವೆ. ಅಲ್ಲಿ ಕೆಲಸ ಮಾಡುತ್ತಿರುವುದು ಬೇರೆ: ಯಾವುದಿಲ್ಲದೆ ಅದು ಬದುಕಲಾರದು, ಆ ವಸ್ತು ತುಂಡಾದರೆ ನಡುವಿನ ಖಾಲಿಯನ್ನು ದಾಟಬಲ್ಲದೇ, ಸತ್ತವುಗಳ ಜಾಗವನ್ನು ಹೊಸ ಮರಿಗಳು ಎಷ್ಟು ಬೇಗ ತುಂಬಿಯಾವು. ಪಿಕಳಾರ ಈ ಮೂರರಲ್ಲೂ ಗೆಲ್ಲುತ್ತದೆ. ನೆಲದಳಿಲು ಮೂರನೆಯದರಲ್ಲಿ ಗೆದ್ದರೂ ಮೊದಲೆರಡರಲ್ಲಿ ಸೋತು ಕೆಂಪು ಪಟ್ಟಿ ಸೇರಿತು. ಮೂರರಲ್ಲೂ ಸೋಲುವ ಪ್ರಾಣಿಯೊಂದು ನಮ್ಮ ಅಘನಾಶಿನಿ, ಶರಾವತಿ ಕೊಳ್ಳಗಳಲ್ಲಿದೆ.

ಸಿಂಗಳೀಕ ಪಶ್ಚಿಮ ಘಟ್ಟ ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲೂ ಇಲ್ಲ. ಕರ್ನಾಟಕ, ಕೇರಳ, ತಮಿಳುನಾಡು ಸೇರಿ ಕಾಡಿನಲ್ಲಿರುವುದು ಸುಮಾರು 4,000 ಎಂಬ ಅಂದಾಜಿದೆ. ಅದರ ಹರಹಿನ ಉತ್ತರದ ತುದಿಯಲ್ಲಿರುವುದು ನಮ್ಮ ಶಿರಸಿ-ಹೊನ್ನಾವರ ಕಾಡು. ಇಲ್ಲಿ ಇಷ್ಟು ದೊಡ್ಡ ಸಂಖ್ಯೆಯಲ್ಲಿವೆ ಎಂಬುದು ಹೊರಜಗತ್ತಿಗೆ ತಿಳಿದದ್ದೇ ತಡವಾಗಿ. ಈ ಶತಮಾನದ ಮೊದಲ ವರ್ಷಗಳಲ್ಲಿ ಎಚ್.ಎನ್. ಕುಮಾರ ಮತ್ತು ಮೇವಾ ಸಿಂಗ್ ನಡೆಸಿದ ಸಮೀಕ್ಷೆಯಲ್ಲಿ ಮೂವತ್ತಕ್ಕೂ ಹೆಚ್ಚು ಗುಂಪು, ಆರು ನೂರಕ್ಕೂ ಮೇಲ್ಪಟ್ಟು ಸಿಂಗಳೀಕ ಲೆಕ್ಕಕ್ಕೆ ಸಿಕ್ಕವು. 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಘೋಷಣೆಯಾಯಿತು. 2019ರಲ್ಲಿ ಅದನ್ನೂ ಸೇರಿಸಿಕೊಂಡು ಶರಾವತಿ ಕಣಿವೆ ಅಭಯಾರಣ್ಯ 930 ಚದರ ಕಿಲೋಮೀಟರಿಗೆ ಹಿಗ್ಗಿತು. ಹೆಸರಿಗೂ ಸಿಂಗಳೀಕ ಸೇರಿತು. ಈಗಿನ ಯೋಜನೆ ಬರುತ್ತಿರುವುದು ಈ ಅಭಯಾರಣ್ಯದೊಳಗೆ.

ಸಿಂಗಳೀಕಕ್ಕೆ ಬೇಕಾದದ್ದು ನಿತ್ಯಹರಿದ್ವರ್ಣದ ಎತ್ತರದ ಮರಗಳು, ಕೊಂಬೆಗೆ ಕೊಂಬೆ ತಾಗಿದ ಮೇಲ್ಛಾವಣಿ, ಆ ಛಾವಣಿಯಲ್ಲಿ ವರ್ಷದ ಹನ್ನೆರಡು ತಿಂಗಳೂ ಒಂದಲ್ಲ ಒಂದು ಹಣ್ಣು. ತೆಂಕಣದ ಆನೆಮಲೆಯಲ್ಲಿ ಕುಲ್ಲೇನಿಯಾ ಎಂಬ ಒಂದೇ ಜಾತಿಯ ಮರ ಅದರ ಹೊಟ್ಟೆಯ ದೊಡ್ಡ ಪಾಲನ್ನು ಹೊರುತ್ತದೆ. ನಮ್ಮಲ್ಲಿ ಆ ಮರವಿಲ್ಲ. ಇಲ್ಲಿ ಅದು ಉಪ್ಪಾಗೆ, ಬೈನೆ, ಹಲಸಿನ ಜಾತಿಯ ಮರಗಳು, ಗೋಳಿ-ಅತ್ತಿಯ ಬಳಗ, ರಾಮಪತ್ರೆಯ ಬಳಗ ಹೀಗೆ ಹತ್ತಾರು ಮರಗಳ ಫಲಕಾಲವನ್ನು ಜೋಡಿಸಿಕೊಂಡು ವರ್ಷ ದಾಟಬೇಕು. ಇವೆಲ್ಲ ಒಂದೇ ಕಡೆ ಸಿಗುವುದಿಲ್ಲ. ರಾಮಪತ್ರೆ ಇರುವುದು ನೀರು ನಿಲ್ಲುವ ಜಡ್ಡಿಗಳಲ್ಲಿ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಅಂಥದ್ದೊಂದು ಜಾಗ. ಉಪ್ಪಾಗೆ ಹಣ್ಣಾಗುವುದು ಮಳೆಗಾಲದಲ್ಲಿ. ಒಂದು ಗುಂಪು ಹಲವು ಚದರ ಕಿಲೋಮೀಟರ್ ಕಾಡನ್ನು ವರ್ಷವಿಡೀ ಸುತ್ತುವುದು ಈ ಕಾರಣಕ್ಕೆ. ಆ ಸುತ್ತಾಟದ ನಡುವೆ ಒಂದು ಜಡ್ಡಿ ಮಣ್ಣು ಸುರಿಯುವ ಜಾಗವಾದರೆ, ಹೋದದ್ದು ಕೆಲವೇ ಎಕರೆ ಎಂದು ಕಡತ ಹೇಳೀತು. ಗುಂಪಿಗೆ ಹೋದದ್ದು ಒಂದಿಡೀ ತಿಂಗಳ ಊಟ.

ಉಪ್ಪಾಗೆಯ ಮಾತು ಬಂದಾಗ ಇನ್ನೊಂದನ್ನೂ ಹೇಳಬೇಕು. ಘಟ್ಟದ ಬಡ ಕುಟುಂಬಗಳಿಗೆ ಅದೇ ಮರದ ಹಣ್ಣಿನ ಹುಳಿ ಸಿಪ್ಪೆ ಮಳೆಗಾಲದ ಕಾಸು. ತೂಕ ಇಳಿಸುವ ಔಷಧಿಗೆಂದು ವಿದೇಶದಲ್ಲಿ ಬೇಡಿಕೆ ಏರಿದ ತೊಂಬತ್ತರ ದಶಕದಲ್ಲಿ ಸಿಪ್ಪೆಯ ಬೆಲೆ ಜಿಗಿದು, ಹಣ್ಣಾಗುವ ಮೊದಲೇ ಕಾಯಿ ಕೀಳುವ ಪೈಪೋಟಿ ನಡೆಯಿತು. ಸಿಪ್ಪೆ ಒಣಗಿಸಲು ಹೇರಳ ಸೌದೆಯೂ ಉರಿಯಿತು. ಸಿಂಗಳೀಕದ ಕಾಡನ್ನು ಕಳೆಯುವುದು ದೊಡ್ಡ ಯೋಜನೆಗಳು ಮಾತ್ರ ಎಂದು ಹೇಳಿದರೆ ಅರ್ಧ ಸತ್ಯವಾದೀತು. ಆದರೆ ಕೊಯ್ಲಿನ ಪೆಟ್ಟಿಗೆ ಮದ್ದಿದೆ. ಮರ ನಿಂತಿದ್ದರೆ ಮುಂದಿನ ವರ್ಷ ಮತ್ತೆ ಫಲ ಬರುತ್ತದೆ, ಹಣ್ಣಾದ ಮೇಲೆ ಕೊಯ್ಯುವ ನಿಯಮವನ್ನು ಊರಿನವರೇ ಮಾಡಿಕೊಳ್ಳಬಹುದು. ಬುಡ ಸಮೇತ ಹೋದ ಮರಕ್ಕೆ ಅಂಥ ಮದ್ದಿಲ್ಲ.

ಈಗ ಮರಿಗಳ ಲೆಕ್ಕ. ಹೆಣ್ಣು ಸಿಂಗಳೀಕ ಮೊದಲ ಮರಿ ಹಾಕುವ ಹೊತ್ತಿಗೆ ಅದಕ್ಕೆ ಆರು ವರ್ಷ ದಾಟಿರುತ್ತದೆ. ಗರ್ಭ ಐದೂವರೆ ತಿಂಗಳಿನ ಮೇಲೆ, ಹುಟ್ಟುವುದು ಒಂದೇ ಮರಿ, ಒಂದರಿಂದ ಇನ್ನೊಂದಕ್ಕೆ ಎರಡೂವರೆ ವರ್ಷ ಅಥವಾ ಅದಕ್ಕೂ ಹೆಚ್ಚು ಅಂತರ. ಮಂಗಗಳ ಈ ಬಳಗದಲ್ಲೇ ಇದು ತೀರ ನಿಧಾನದ ವೇಗ. ಇಪ್ಪತ್ತರ ಗುಂಪಿನಲ್ಲಿ ಎಂಟು ಬೆಳೆದ ಹೆಣ್ಣುಗಳಿವೆ ಎಂದಿಟ್ಟುಕೊಳ್ಳಿ. ಇಡೀ ಗುಂಪಿಗೆ ವರ್ಷಕ್ಕೆ ಎರಡೋ ಮೂರೋ ಮರಿ. ರಸ್ತೆಯಲ್ಲಿ ಒಂದು ಹೆಣ್ಣು ಲಾರಿಗೆ ಸಿಕ್ಕಿ ಸತ್ತರೆ, ಅದರ ಜಾಗಕ್ಕೆ ಈಗ ಹುಟ್ಟಿದ ಹೆಣ್ಣು ಮರಿ ಬಂದು ನಿಲ್ಲಲು ಆರೇಳು ವರ್ಷ ಬೇಕು. ಅದೇ ಅವಧಿಯಲ್ಲಿ ನಮ್ಮ ಅಂಗಳದ ಪಿಕಳಾರದ ಎಷ್ಟು ತಲೆಮಾರು ಕಳೆದಿರುತ್ತದೆ ನೋಡಿ. ಹೊನ್ನಾವರ-ಸಾಗರ ಹೆದ್ದಾರಿಯ ಘಟ್ಟದಲ್ಲಿ ಪ್ರವಾಸಿಗರು ಎಸೆಯುವ ತಿಂಡಿಗೆ ಸಿಂಗಳೀಕ ರಸ್ತೆಗಿಳಿಯುವುದನ್ನು ಕಂಡಾಗ ನನಗೆ ಸಂಕಟವಾಗುವುದು ಈ ಲೆಕ್ಕದಿಂದ.

ಇನ್ನು ದಾಟುವ ಮಾತು. ಸಿಂಗಳೀಕ ಆಯುಷ್ಯದ ಬಹುಪಾಲನ್ನು ಮರದ ಮೇಲೆಯೇ ಕಳೆಯುತ್ತದೆ. ಹೆಣ್ಣುಗಳು ಹುಟ್ಟಿದ ಗುಂಪಿನಲ್ಲೇ ಉಳಿಯುತ್ತವೆ. ಬೆಳೆದ ಗಂಡು ಹೊರಬಿದ್ದು ಬೇರೆ ಗುಂಪು ಸೇರಬೇಕು. ಗುಂಪುಗಳ ನಡುವೆ ರಕ್ತ ಬೆರೆಯುವುದು ಈ ಒಂಟಿ ಗಂಡುಗಳ ಓಡಾಟದಿಂದಲೇ. ಛಾವಣಿ ಕಡಿದು ಅಗಲ ಮಾಡಿದ ರಸ್ತೆ, ವಿದ್ಯುತ್ ಮಾರ್ಗದ ಕೆಳಗಿನ ಬೋಳು ಪಟ್ಟಿ, ಸುರಂಗದ ಬಾಯಿಗೆ ಹೋಗುವ ಕಚ್ಚಾ ದಾರಿ ಒಂದೊಂದೂ ಆ ಓಡಾಟಕ್ಕೆ ಅಡ್ಡ. ಯೋಜನೆಯ ಬಹುಭಾಗ ನೆಲದಡಿಯಲ್ಲಿದೆ, ಹಾಗಾಗಿ ಮೇಲಿನ ಕಾಡಿಗೆ ತೊಂದರೆ ಕಡಿಮೆ ಎಂಬ ವಾದ ನಿಲ್ಲುವುದಿಲ್ಲ ಎಂದು ನಾನು ಹೇಳುವುದು ಇದರಿಂದಲೇ. ನೆಲದಡಿಗೆ ಯಂತ್ರ ಇಳಿಸಲು ನೆಲದ ಮೇಲೆ ದಾರಿ ಬೇಕು, ತೋಡಿದ ಕಲ್ಲು-ಮಣ್ಣು ಸುರಿಯಲು ಜಾಗ ಬೇಕು. ಸಿಂಗಳೀಕಕ್ಕೆ ಎಷ್ಟು ಎಕರೆ ಹೋಯಿತು ಎಂಬುದಕ್ಕಿಂತ ಆ ಎಕರೆಗಳು ಯಾವ ಗೆರೆಯಲ್ಲಿ ಹೋದವು ಎಂಬುದು ಮುಖ್ಯ.

ಇದಕ್ಕೆ ನಮ್ಮದೇ ಇತಿಹಾಸದಲ್ಲಿ ಒಂದು ಉದಾಹರಣೆಯಿದೆ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿ ಸುತ್ತಿನ ಜನ ಕಳಸೆ ಕಾಡಿಗೆ ಹೋಗಿ ಮರ ಅಪ್ಪಿಕೊಂಡರು. ಆಗ ನಡೆಯುತ್ತಿದ್ದದ್ದು ಆಯ್ದ ಮರಗಳ ಕಡಿತ. ಕಾಗದದ ಮೇಲೆ ಎಕರೆಗೆ ಬೆರಳೆಣಿಕೆಯ ಮರ. ಕಾಡಿನಲ್ಲಿ ಒಂದು ಹೆಮ್ಮರ ಬೀಳುವಾಗ ಸುತ್ತಲಿನವನ್ನೂ ಎಳೆದುಕೊಂಡು ಬೀಳುತ್ತದೆ, ದಿಮ್ಮಿ ಎಳೆಯುವ ದಾರಿಯಲ್ಲಿ ಸಸಿಗಳು ನೆಲಸಮವಾಗುತ್ತವೆ ಎಂಬುದನ್ನು ಊರಿನವರು ನೋಡಿದ್ದರು. ಆ ಚಳವಳಿಯ ನಂತರದ ವರ್ಷಗಳಲ್ಲಿ ಘಟ್ಟದ ಹಸಿಮರ ಕಡಿತ ನಿಂತಿತು. ಇಂದು ಶಿರಸಿ-ಹೊನ್ನಾವರದ ಸಿಂಗಳೀಕಗಳು ಓಡಾಡುತ್ತಿರುವ ಕಾಡಿನ ದೊಡ್ಡ ಭಾಗ ಹಿಂದೊಮ್ಮೆ ಹೀಗೆ ಆಯ್ದು ಕಡಿದ ಕಾಡು. ಕಡಿತ ನಿಂತ ಮೇಲೆ ದಶಕಗಳಲ್ಲಿ ಛಾವಣಿ ಮತ್ತೆ ಕೂಡಿಕೊಂಡಿತು. ಸಿಂಗಳೀಕ ಹೊಂದಿಕೊಳ್ಳುತ್ತದೆ ಎನ್ನುವವರು ಇದನ್ನು ತಮ್ಮ ಪರ ಬಳಸಬಹುದು, ಮತ್ತು ಅದರಲ್ಲಿ ಸತ್ಯಾಂಶವಿದೆ: ಗಾಯಗೊಂಡ ಕಾಡಿನಲ್ಲೂ ಅದು ಬದುಕುತ್ತದೆ, ಗಾಯ ಮಾಯಲು ಬಿಟ್ಟರೆ. ಕಾಂಕ್ರೀಟಿನ ಸುರಂಗದ ಬಾಯಿಯಾಗಲಿ ಡಾಂಬರು ರಸ್ತೆಯಾಗಲಿ ಮಾಯುವ ಗಾಯವಲ್ಲ.

ಹೊಂದಿಕೊಂಡ ಸಿಂಗಳೀಕ ಹೇಗಿರುತ್ತದೆ ಎಂದು ನೋಡಬೇಕಾದರೆ ತಮಿಳುನಾಡಿನ ವಾಲ್ಪಾರೈಗೆ ಹೋಗಬೇಕು. ಅಲ್ಲಿ ಪುದುತ್ತೋಟ್ಟಂ ಎಂಬಲ್ಲಿ ಚಹಾ ತೋಟಗಳ ನಡುವೆ ಸಿಕ್ಕಿಬಿದ್ದ ಕಾಡಿನ ತುಂಡೊಂದಿದೆ. ಅಲ್ಲಿನ ಸಿಂಗಳೀಕಗಳು ನೆಲಕ್ಕಿಳಿದವು, ರಸ್ತೆ ದಾಟಿದವು, ಮನೆಯ ಅಡುಗೆಕೋಣೆಗೆ ನುಗ್ಗುವುದನ್ನೂ ಕಲಿತವು. ವಾಹನಕ್ಕೆ ಸಿಕ್ಕಿ ಸತ್ತವು. ಸಂರಕ್ಷಣೆಯಲ್ಲಿ ತೊಡಗಿದವರು ರಸ್ತೆಯ ಮೇಲೆ ಮರದಿಂದ ಮರಕ್ಕೆ ಸೇತುವೆ ಕಟ್ಟಿ, ವಾಹನ ನಿಧಾನ ಮಾಡಿಸಲು ಕಾವಲುಗಾರರನ್ನು ಇಟ್ಟು ಅವುಗಳ ಜೀವ ಹಿಡಿದಿಟ್ಟಿದ್ದಾರೆ. ಆ ಕೆಲಸಕ್ಕೆ ನನಗೆ ಅಪಾರ ಗೌರವವಿದೆ. ಆದರೆ ಅಡಿಕೆ ತೋಟದಲ್ಲಿ ಕೆಂಪು ಮೂತಿಯ ಮಂಗದ ಕಾಟ ಅನುಭವಿಸುತ್ತಿರುವ ನಮ್ಮ ರೈತರಿಗೆ ‘ಸಿಂಗಳೀಕವೂ ಹೊಂದಿಕೊಳ್ಳಲಿ’ ಎಂದು ಹೇಳುವುದೆಂದರೆ, ಮನೆಗೆ ನುಗ್ಗುವ ಇನ್ನೊಂದು ಮಂಗವನ್ನು ಅವರಿಗೆ ಕೊಡುವುದು ಎಂದರ್ಥ. ಇಂದು ಅದು ತೋಟದ ತಂಟೆಗೆ ಬರುವುದು ಅಪರೂಪ. ಕಾಡಿನಲ್ಲಿ ಊಟವಿದೆ, ಅದಕ್ಕೆ.

ಪರಿಸರ ಪರಿಣಾಮ ವರದಿಗಳ ಬಗ್ಗೆ ನನ್ನ ತಕರಾರು ಇಲ್ಲಿಂದ ಹುಟ್ಟುತ್ತದೆ. ಅಂಥ ವರದಿಗಳಲ್ಲಿ ಪ್ರಾಣಿಪಕ್ಷಿಗಳ ಪಟ್ಟಿ ಇರುತ್ತದೆ. ಪಿಕಳಾರಕ್ಕೆ ಒಂದು ಸಾಲು, ಸಿಂಗಳೀಕಕ್ಕೂ ಒಂದು ಸಾಲು. ಪಕ್ಕದಲ್ಲಿ ಕಾನೂನಿನ ಯಾವ ಅನುಸೂಚಿ, ಕೆಂಪು ಪಟ್ಟಿಯ ಯಾವ ವರ್ಗ ಎಂಬ ಟಿಪ್ಪಣಿ. ಪಟ್ಟಿ ಉದ್ದವಾದಷ್ಟೂ ಅಧ್ಯಯನ ಚೆನ್ನಾಗಿ ಆಗಿದೆ ಎಂಬ ಭಾವನೆ ಬರುತ್ತದೆ. ಯೋಜನೆಯಾದ ಮೇಲೆ ಮತ್ತೆ ಎಣಿಸಿದರೆ ಹಕ್ಕಿಗಳ ಜಾತಿ ಹೆಚ್ಚಿರಲೂಬಹುದು! ಕಾಡಿನ ನಡುವೆ ಬಯಲು ತೆರೆದಾಗ ಪಿಕಳಾರ, ಮೈನಾ, ಮಡಿವಾಳ ಹಕ್ಕಿ, ಕಾಜಾಣಗಳಿಗೆ ಹೊಸ ಜಾಗ ಸಿಗುತ್ತದೆ. ಅದೇ ಬಯಲು ಸಿಂಗಳೀಕಕ್ಕೆ ಗೋಡೆ. ಒಂದೇ ಕಡಿತ ಒಂದಕ್ಕೆ ಲಾಭ, ಇನ್ನೊಂದಕ್ಕೆ ನಷ್ಟ. ಎರಡನ್ನೂ ಕೂಡಿಸಿ ಒಟ್ಟು ಸಂಖ್ಯೆ ತೋರಿಸುವ ವರದಿಯಲ್ಲಿ ನಷ್ಟ ಕಾಣೆಯಾಗುತ್ತದೆ.

ಕಾಣೆಯಾಗುವುದು ಪ್ರಾಣಿ ಮಾತ್ರವಲ್ಲ. ಪಿಕಳಾರದ ಬಾಯಿ ಸಣ್ಣದು; ಅದು ನುಂಗಿ ಬಿತ್ತುವುದು ಸಣ್ಣ ಬೀಜ. ಹಕ್ಕಲಿನಲ್ಲಿ ಬೇಗ ಬೆಳೆಯುವ ಗಿಡ, ಪೊದೆ, ಲಂಟಾನ. ಹಳೆಯ ಕಾನಿನ, ಎಂದರೆ ದಟ್ಟ ನಿತ್ಯಹರಿದ್ವರ್ಣ ಕಾಡಿನ, ಮರಗಳ ಬೀಜ ದಪ್ಪ. ಅವನ್ನು ದೂರ ಒಯ್ಯಲು ಮಂಗಟ್ಟೆಯಂಥ ದೊಡ್ಡ ಕೊಕ್ಕಿನ ಹಕ್ಕಿ ಬೇಕು, ಗಲ್ಲದ ಚೀಲದಲ್ಲಿ ಹಣ್ಣು ತುಂಬಿಕೊಂಡು ಹೋಗಿ ಆಚೆ ಬೀಜ ಉಗುಳುವ ಮಂಗ ಬೇಕು. ಸಿಂಗಳೀಕ ಕೆಲವು ಬೀಜಗಳನ್ನು ಅಗಿದು ಹಾಳು ಮಾಡುತ್ತದೆ ಎಂಬುದೂ ನಿಜ. ಆದರೂ ಪಿಕಳಾರ ಮಾತ್ರ ಉಳಿದ ಕಾಡು ನಿಧಾನವಾಗಿ ಪಿಕಳಾರಕ್ಕೆ ಬೇಕಾದ ಕಾಡೇ ಆಗಿ ಬದಲಾಗುತ್ತದೆ.

ಪರಿಹಾರಾತ್ಮಕ ಅರಣ್ಯೀಕರಣ ಎಂಬ ಮಾತಿಗೂ ಇದೇ ಅಳತೆ ಹಿಡಿಯಬೇಕು. ಯೋಜನೆಗೆ ಹದಿನೈದು ಸಾವಿರಕ್ಕೂ ಹೆಚ್ಚು ಮರ ಹೋಗುತ್ತವೆ, ಬದಲಿಗೆ ಬೇರೆ ಕಡೆ ಸಸಿ ನೆಡುತ್ತಾರೆ. ಐದು ವರ್ಷದ ನೆಡುತೋಪಿನಲ್ಲಿ ಪಿಕಳಾರ ಗೂಡು ಕಟ್ಟುತ್ತದೆ. ಸಿಂಗಳೀಕದ ಗುಂಪು ಓಡಾಡುವಷ್ಟು ಎತ್ತರದ, ಹನ್ನೆರಡು ತಿಂಗಳೂ ಹಣ್ಣಿರುವ ಛಾವಣಿ ಒಬ್ಬ ಮನುಷ್ಯನ ಆಯುಷ್ಯದಲ್ಲಿ ಆಗುವ ಕೆಲಸವಲ್ಲ. ಇನ್ನೊಂದು ಅಪಾಯವನ್ನು ನೆಲದಳಿಲು ತೋರಿಸಿಕೊಟ್ಟಿದೆ. ನಮ್ಮ ಜಿಲ್ಲೆಯಲ್ಲಿ ಸಸಿ ನೆಡಲು ‘ಖಾಲಿ ಜಾಗ’ ಹುಡುಕಿದಾಗ ಕಣ್ಣಿಗೆ ಬೀಳುವುದು ದನ ಮೇಯುವ ಬೇಣಗಳು, ಕರಾವಳಿಯ ಮುರಕಲ್ಲಿನ ಬಯಲುಗಳು. ಹುಲ್ಲು ಬೆಳೆಯುವ ನೆಲವನ್ನು ಹಾಳುಭೂಮಿ ಎಂದು ಬರೆದುಕೊಂಡು ಅಲ್ಲಿ ಅಕೇಶಿಯಾ ತುಂಬಿಸಿದ್ದನ್ನು ಹೊನ್ನಾವರ, ಕುಮಟಾ, ಅಂಕೋಲಾದವರೆಲ್ಲ ಕಂಡಿದ್ದೇವೆ. ಮಳೆಗಾಲ ಮುಗಿಯುವ ಹೊತ್ತಿಗೆ ಆ ಮುರಕಲ್ಲಿನ ಮೇಲೆ ಅರಳುತ್ತಿದ್ದ ಸಣ್ಣ ಹೂಗಿಡಗಳಿಗೆ, ನೆಲದಲ್ಲೇ ಮೊಟ್ಟೆಯಿಡುವ ಟಿಟ್ಟಿಭ, ನೆಲಗುಬ್ಬಿಗಳಿಗೆ ಅದರಿಂದ ಆದದ್ದು ಜೆಕ್ ದೇಶದ ನೆಲದಳಿಲಿಗೆ ಆದದ್ದೇ. ಶರಾವತಿಯಲ್ಲಿ ಕಾಡು ಕಡಿದು ಕುಮಟೆಯಲ್ಲಿ ಬೇಣ ಮುಚ್ಚಿದರೆ ಒಂದು ತಪ್ಪಿಗೆ ಎರಡು ಕಡೆ ದಂಡ ತೆತ್ತಂತೆ.

ಸಿಂಗಳೀಕದ ಪರ ಇಷ್ಟು ಬರೆದೆನೆಂದು ಪಿಕಳಾರವನ್ನು ಯಾರೂ ಎಣಿಸಬೇಕಿಲ್ಲ ಎಂದು ತಿಳಿಯಬಾರದು. ಸೈಬೀರಿಯಾದಿಂದ ಪೂರ್ವ ಯುರೋಪಿನವರೆಗೆ ಲೆಕ್ಕವಿಲ್ಲದಷ್ಟಿದ್ದ ಹಳದಿ ಎದೆಯ ಬಂಟಿಂಗ್ ಎಂಬ ಹಾಡುಹಕ್ಕಿ ಈ ಶತಮಾನದ ಆರಂಭದಲ್ಲೂ ‘ಚಿಂತೆಯಿಲ್ಲ’ ಎಂಬ ವರ್ಗದಲ್ಲಿತ್ತು. ವಲಸೆಯ ದಾರಿಯಲ್ಲಿ, ಮುಖ್ಯವಾಗಿ ಚೀನಾದಲ್ಲಿ, ತಿನ್ನಲೆಂದು ಬಲೆ ಹಾಕಿ ಹಿಡಿದರು. 2017ರ ಹೊತ್ತಿಗೆ ಅದು ‘ತೀವ್ರ ಅಳಿವಿನಂಚು’ ತಲುಪಿತು. ನಮ್ಮ ಈ ಪಿಕಳಾರವೇ ಥಾಯ್ಲೆಂಡಿನಲ್ಲಿ ಪಂಜರಕ್ಕೆ, ಹಾಡಿನ ಪಂದ್ಯಕ್ಕೆ ಬಲಿಯಾಗಿ ಹಲವು ಕಡೆ ಕಾಡಿನಿಂದ ಮರೆಯಾಗಿದೆ. ಬೇಗ ಮರಿ ಹಾಕುವ ಗುಣ ಮರದ ನಷ್ಟವನ್ನು ತಡೆದುಕೊಂಡಿತು, ಬಲೆಯನ್ನು ತಡೆದುಕೊಳ್ಳಲಿಲ್ಲ. ಭಾರತದ ಪಕ್ಷಿಗಳ ಸ್ಥಿತಿಗತಿ ಕುರಿತ 2023ರ ವರದಿಯಲ್ಲಿ, ದೀರ್ಘಾವಧಿಯ ಏರಿಳಿತ ಹೇಳಲು ಸಾಧ್ಯವಾದ 338 ಜಾತಿಗಳ ಪೈಕಿ 60 ಶೇಕಡಾ ಇಳಿಮುಖವಾಗಿವೆ. ಅದೇ ವರದಿ ಕಳವಳ ವ್ಯಕ್ತಪಡಿಸಿದ ಹಕ್ಕಿಗಳಲ್ಲಿ ಕರ್ನಾಟಕದ ರಾಜ್ಯಪಕ್ಷಿ ನೀಲಕಂಠವೂ ಇದೆ. ತಂತಿಯ ಮೇಲೆ ಕೂತ ನೀಲಕಂಠವನ್ನು ಒಂದು ಕಾಲಕ್ಕೆ ಯಾರೂ ತಿರುಗಿ ನೋಡುತ್ತಿರಲಿಲ್ಲ, ಅಷ್ಟು ಸಾಮಾನ್ಯವಾಗಿತ್ತು.

ವಿದ್ಯುತ್ತಿನ ಅಗತ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಪಾವಗಡದಂಥ ಸೌರ ಪಾರ್ಕುಗಳು ಹಗಲು ವಿದ್ಯುತ್ ಸುರಿಯುತ್ತವೆ, ಬೇಡಿಕೆ ಏರುವುದು ಸಂಜೆ. ಹಗಲಿನದ್ದನ್ನು ಸಂಜೆಗೆ ಕೂಡಿಡಬೇಕು. ತಲಕಳಲೆಯ ಜಲಾಶಯ ಮೇಲಿದೆ, ಗೇರುಸೊಪ್ಪೆಯದು ಕೆಳಗಿದೆ. ಹೆಚ್ಚಾದ ವಿದ್ಯುತ್ತಿನಿಂದ ನೀರು ಮೇಲೆತ್ತಿ, ಬೇಕಾದಾಗ ಇಳಿಸಿ 2,000 ಮೆಗಾವ್ಯಾಟ್ ಪಡೆಯುವುದು ಕರ್ನಾಟಕ ವಿದ್ಯುತ್ ನಿಗಮದ ಯೋಜನೆ. ಹೊಸ ಅಣೆಕಟ್ಟು ಬೇಡ ಎಂಬುದು ಅದರ ದೊಡ್ಡ ಸಮರ್ಥನೆ. ಆದರೆ ಎತ್ತಲು ತಗಲುವ ವಿದ್ಯುತ್ ಇಳಿದಾಗ ಸಿಗುವುದಕ್ಕಿಂತ ಹೆಚ್ಚು. ಇದು ಉತ್ಪಾದನೆಯಲ್ಲ, ದಾಸ್ತಾನು. ದಾಸ್ತಾನಿಗೆ ಬೇಕಾದದ್ದು ಎರಡು ಎತ್ತರದಲ್ಲಿ ನೀರು ನಿಲ್ಲಿಸಬಹುದಾದ ಗುಡ್ಡ. ಅಂಥ ಗುಡ್ಡ ಬಯಲುಸೀಮೆಯ ಒಣ ಪ್ರದೇಶದಲ್ಲೂ ಸಿಗುತ್ತದೆ, ನದಿಯಿಂದ ದೂರದಲ್ಲೂ ಕಟ್ಟಬಹುದು, ಬ್ಯಾಟರಿಯ ದಾರಿಯೂ ಇದೆ. ಸಿಂಗಳೀಕಕ್ಕೆ ಬೇಕಾದ ಕಾನು ಬಯಲುಸೀಮೆಯಲ್ಲಿ ಸಿಗುವುದಿಲ್ಲ. ಜಾಗ ಬದಲಿಸಬಲ್ಲವರು ಬದಲಿಸಲಿ ಎಂದು ಕೇಳುವುದರಲ್ಲಿ ಅನ್ಯಾಯವೇನಿದೆ? ಕೆಳಗೆ ಹೊನ್ನಾವರದ ಮೀನುಗಾರರಿಗೆ, ನದಿದಂಡೆಯ ತೋಟದವರಿಗೆ ಉಪ್ಪುನೀರು ಮೇಲೇರುವ ಭಯ ಬೇರೆ ಇದೆ. ಅದು ಇನ್ನೊಂದು ಲೇಖನದ ವಿಷಯ.

2025ರಲ್ಲಿ ವನ್ಯಜೀವಿ ಮಂಡಳಿಯ ಮಟ್ಟದಲ್ಲಿ ಯೋಜನೆಗೆ ತಾತ್ವಿಕ ಒಪ್ಪಿಗೆ ಸಿಕ್ಕಿದ ಮೇಲೆ ಶರಾವತಿ ಕೊಳ್ಳದ ಎರಡೂ ಜಿಲ್ಲೆಗಳಲ್ಲಿ ವಿರೋಧ ಗಟ್ಟಿಯಾಗಿದೆ. ಮಠಾಧೀಶರು, ರೈತರು, ಮೀನುಗಾರರು, ವಿಜ್ಞಾನಿಗಳು ಒಟ್ಟಿಗೆ ನಿಂತಿದ್ದಾರೆ. ಈ ಹೋರಾಟ ಕೇಳಬೇಕಾದ್ದು ಇನ್ನಷ್ಟು ಉದ್ದದ ಪ್ರಾಣಿಗಳ ಪಟ್ಟಿಯನ್ನಲ್ಲ. ಯೋಜನಾ ಪ್ರದೇಶವನ್ನು ಬಳಸುವ ಸಿಂಗಳೀಕದ ಒಂದೊಂದು ಗುಂಪನ್ನೂ ಗುರುತಿಸಿ, ಮಳೆಗಾಲವೂ ಸೇರಿ ಇಡೀ ವರ್ಷ ಹಿಂಬಾಲಿಸಿ, ಯಾವ ತಿಂಗಳು ಯಾವ ಜಡ್ಡಿಯಲ್ಲಿ ಯಾವ ಮರದ ಹಣ್ಣು ತಿನ್ನುತ್ತದೆ, ಎಲ್ಲಿ ರಸ್ತೆ ದಾಟುತ್ತದೆ, ಗಂಡುಗಳು ಯಾವ ದಾರಿಯಲ್ಲಿ ಗುಂಪು ಬದಲಿಸುತ್ತವೆ ಎಂಬ ನಕ್ಷೆ ಬೇಕು. ಆ ನಕ್ಷೆಯ ಮೇಲೆ ಸುರಂಗದ ಬಾಯಿ, ಮಣ್ಣು ಸುರಿಯುವ ಜಾಗ, ಹೊಸ ದಾರಿಗಳನ್ನು ಎಳೆದು ತೋರಿಸಬೇಕು. ಇಂಗ್ಲಿಷಿನ ದಪ್ಪ ವರದಿಯ ಜೊತೆ ಕೆಲವು ಪುಟದ ಕನ್ನಡ ಸಾರಾಂಶ ಸಾಲದು. ಪೂರ್ತಿ ವರದಿ ಕನ್ನಡದಲ್ಲಿ ಗೇರುಸೊಪ್ಪೆಯ ಪಂಚಾಯಿತಿಯ ಮೇಜಿನ ಮೇಲೆ ಇರಬೇಕು, ಕಾಡಿನೊಳಗಿನ ಉಪ್ಪಾಗೆ ಮರಗಳನ್ನು ಒಂದೊಂದಾಗಿ ಬಲ್ಲವರು ಅದನ್ನು ಓದಿ ತಪ್ಪಿದ್ದಲ್ಲಿ ತಿದ್ದಬೇಕು. ಅದು ಆಗುವವರೆಗೆ ಆ ಕಾಡಿನ ಒಂದು ಮರಕ್ಕೂ ಕಡಿತದ ಗುರುತು ಬೀಳಬಾರದು.